ವಾಡಿಯ ರೊಟ್ಟಿಗಳ ಇತಿಹಾಸಕಾರ್ತಿ

ಪುಷ್ಯದ ಚಳಿ. ತೆಂಗಳಿ ಎಂಬ ಹಳ್ಳಿಯ ಎರೆಮಣ್ಣಿನ ಹೊಲದ ಮೇಲೆ ಮಲಗಿದ ಮಂಜು ಇನ್ನೂ ಎದ್ದಿಲ್ಲ. ತೊಗರಿ ಕೊಯ್ಯುವವರಿಗೆ ಬೇಕಾದದ್ದು ಈ ಹೊತ್ತೇ. ಬಿಸಿಲೇರಿತೆಂದರೆ ಒಣಗಿದ ಕಾಯಿ ಸಿಡಿದು ಕಾಳು ನೆಲದ ಪಾಲಾಗುತ್ತದೆ. ಇಬ್ಬನಿಯಲ್ಲಿ ನೆನೆದ ಗಿಡ ಮಾತ್ರ ಕುಡುಗೋಲಿನ ಮಾತು ಕೇಳುತ್ತದೆ. ಸಾಲು ಹಿಡಿದ ಹೆಂಗಸರು ಮಂಜಿನೊಳಗೆ ಬಾಗುತ್ತಾರೆ, ಏಳುತ್ತಾರೆ. ದೂರದಿಂದ ನೋಡಿದರೆ ಹೊಳೆಯಲ್ಲಿ ಮುಳುಗಿ ಏಳುವವರ ಹಾಗೆ ಕಾಣುತ್ತಾರೆ. ಯಾರ ಕೈಬಳೆ ಎಲ್ಲಿ ಸದ್ದು ಮಾಡಿತೆಂದು ತಿಳಿಯುವುದಿಲ್ಲ.

ಸಾಲಿನ ಕೊನೆಯಲ್ಲಿ, ಎಲ್ಲರಿಗಿಂತ ನಾಲ್ಕು ಗಿಡ ಹಿಂದೆ, ಗಂಡಸರ ಹಳೆಯ ಸ್ವೆಟರ್ ತೊಟ್ಟು ತಲೆಗೆ ಟವೆಲ್ ಸುತ್ತಿಕೊಂಡಿರುವವರು ಕರುಣಾ ದೇವಿಂದ್ರ. ಅವರು ಕಟ್ಟಿದ ಹೊರೆ ಯಾವಾಗಲೂ ಸಡಿಲು. ಹಿಂದಿನಿಂದ ಬರುವ ಲುಂಬಿನಿ, ಈ ಹೊಲದ ಮನೆಯ ಸೊಸೆ, ಏನೂ ಅನ್ನದೆ ಅದನ್ನು ಬಿಚ್ಚಿ ಮೊಣಕಾಲೂರಿ ಮತ್ತೆ ಬಿಗಿಯುತ್ತಾಳೆ. ಕರುಣಾ ಕೇಂದ್ರ ಸರ್ಕಾರದ ಇತಿಹಾಸಕಾರ್ತಿ. ರಾಯಭಾರ ಮತ್ತು ಬೇಹುಗಾರಿಕೆಯ ಚರಿತ್ರೆ ಬರೆಯುವುದು ಅವರ ನೌಕರಿ. ಮೂವತ್ತು ವರ್ಷ ದಿಲ್ಲಿಯಲ್ಲಿ ಅದನ್ನೇ ಮಾಡಿದ್ದಾರೆ. ಈ ತಿಂಗಳು ಮುಗಿದರೆ ನಿವೃತ್ತಿ.

"ಅಕ್ಕಾ, ದಿಲ್ಲ್ಯಾಗ ನೀ ಏನ್ ಕೆಲಸ ಮಾಡ್ತಿ ಅಂತ ಮತ್ತೊಮ್ಮಿ ಹೇಳು," ಎಂದು ಪಕ್ಕದ ಸಾಲಿನಾಕೆ ಕೆಣಕುತ್ತಾಳೆ.

"ಹಳೇ ಮಾತು ಕೇಳ್ತೀನಿ. ಬರೀತೀನಿ."

"ಅದಕ್ಕ ಪಗಾರ ಕೊಡ್ತಾರ? ಹಂಗಿದ್ರ ನಮ್ಮತ್ತಿಗೂ ಒಂದು ನೌಕರಿ ಹಚ್ಚಿ ಕೊಡು. ಆಕಿ ಗ್ವಾಡಿಗಿ ಕಿವಿ ಹಚ್ಚಿ ಪುಕ್ಕಟನೇ ಕೇಳಾಕತ್ತಾಳ!"

ಮಂಜಿನೊಳಗಿಂದ ಐದಾರು ನಗೆಗಳು ಒಟ್ಟಿಗೇ ಏಳುತ್ತವೆ. ಕರುಣಾ ಕೂಡ ನಗುತ್ತಾರೆ. ಆದರೆ ಇವತ್ತು ಅವರ ಕಣ್ಣು ಗಿಡದ ಮೇಲಿಲ್ಲ, ಡಾಂಬರು ರಸ್ತೆಯ ಕಡೆಗಿದೆ. ಚಿಂಚೋಳಿ ಬಳಿಯ ಚಂದಾಪುರದಿಂದ ಹುಮೇರಾ ಎಂಬ ಹೆಣ್ಣುಮಗಳು ಬರಬೇಕು. ಆಕೆ ಬಂದರೆ, ತೀರಿಹೋದ ಆಕೆಯ ತಾಯಿಯ ಮೇಲೆ ಸರ್ಕಾರಿ ಕಾಗದವೊಂದರಲ್ಲಿ ಎಪ್ಪತ್ತೈದು ವರ್ಷದಿಂದ ಕೂತಿರುವ 'ವಂಚಕಿ' ಎಂಬ ಶಬ್ದವನ್ನು ತೆಗೆಯಲು ಒಂದು ದಾರಿ ಸಿಗಬಹುದು. ಬರದಿದ್ದರೆ ಕರುಣಾ ತಮ್ಮ ಕೊನೆಯ ಸಂಪುಟದಲ್ಲಿ ಅದೇ ಶಬ್ದವನ್ನು ತಮ್ಮ ಕೈಯಾರೆ ಇನ್ನೊಮ್ಮೆ ಬರೆಯಬೇಕು. ಆಧಾರವಿಲ್ಲದೆ ಹಿಂದಿನವರ ತೀರ್ಮಾನವನ್ನು ಬದಲಿಸುವಂತಿಲ್ಲ ಎಂಬುದು ಅವರ ಕಸುಬಿನ ಕಟ್ಟಳೆ.

"ಬರ್ತೀನಿ ಅಂದಿಲ್ಲ ಆಕಿ. 'ನೋಡೋಣ' ಅಂದಾಳ," ಎನ್ನುತ್ತಾರೆ ಕರುಣಾ. "ನಮ್ಮ ಕಡಿ 'ನೋಡೋಣ' ಅಂದ್ರ ಅರ್ಧಾ ಇಲ್ಲ, ಅರ್ಧಾ ಹೌದು."

ಬೇಹುಗಾರಿಕೆ ಎಂದಕೂಡಲೇ ಜನರ ಕಣ್ಣಿಗೆ ಕಪ್ಪು ಕನ್ನಡಕ, ಓಡುವ ಮೋಟಾರು ಕಟ್ಟುತ್ತವೆ. ಕರುಣಾ ಅವರ ದಿನ ಹಾಗಿರುವುದಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಫೋನು ಒಪ್ಪಿಸಿ ಒಳಗೆ ಹೋಗುತ್ತಾರೆ. ಕೋಣೆಯ ಕಿಟಕಿಗೆ ಒಂದು ಬೇವಿನ ಮರ ಅಡ್ಡ ನಿಂತಿದೆ. ಅದರ ನೆರಳು ಮೇಜಿನ ಈ ತುದಿಯಿಂದ ಆ ತುದಿಗೆ ಸರಿಯುವವರೆಗೆ ಸತ್ತವರು ಸತ್ತವರಿಗೆ ಕಳಿಸಿದ ತಂತಿಗಳನ್ನು, ವರದಿಗಳನ್ನು ಓದುತ್ತಾರೆ. ಯಾರು ಯಾರಿಗೆ ಏನು ಹೇಳಿದರು, ಯಾವ ದಿನ ಯಾರು ಯಾಕೆ ಅಂಜಿದರು, ಅದನ್ನು ಒಂದಕ್ಕೊಂದು ಹೊಂದಿಸಿ ಬರೆಯುತ್ತಾರೆ. ಬರೆದದ್ದು ಕೆಲವೇ ಪ್ರತಿಯಾಗಿ ಅಚ್ಚಾಗಿ ಕಪಾಟು ಸೇರುತ್ತದೆ. ಅದನ್ನು ಓದುವವರು ಬೆರಳೆಣಿಕೆಯ ಅಧಿಕಾರಿಗಳು. ಕಪಾಟು ಎಲ್ಲರಿಗೂ ತೆರೆಯುವುದು ಒಂದು ತಲೆಮಾರು ಕಳೆದ ಮೇಲೆ, ಅದೂ ಸರ್ಕಾರಕ್ಕೆ ಮನಸ್ಸು ಬಂದರೆ.

"ನಾ ಓದಿದ ಕಾಗದದಾಗ ಬಂದೂಕ ಕಮ್ಮಿ," ಎನ್ನುತ್ತಾರೆ ಅವರು. "ಬರೇ ಮಳಿ, ಹಸಿವು, ತಡ ಆಗಿ ಬಂದ ಗಾಡಿ. ಯಾರೋ ಒಬ್ಬಾಕಿ ಯಾರಿಗೋ ನೀರು ಕೊಟ್ಟಾಳ, ಅಲ್ಲಿಂದ ಒಂದು ಸುದ್ದಿ ಹೊಂಟದ. ಅಷ್ಟ."

ಕರುಣಾ ಹುಟ್ಟಿ ಬೆಳೆದದ್ದು ವಾಡಿಯಲ್ಲಿ. ಅಪ್ಪ ದೇವಿಂದ್ರ ರೈಲ್ವೆ ಗ್ಯಾಂಗ್‌ಮನ್. ಮುಂಬೈ, ಮದ್ರಾಸು, ಹೈದರಾಬಾದು ಮೂರೂ ಕಡೆಯ ಹಳಿಗಳು ಕೂಡುವ ಊರು ಅದು. ಆ ಕ್ವಾರ್ಟರ್ಸಿನ ಮಕ್ಕಳಿಗೆ ಗಾಡಿಯ ಸದ್ದೇ ಜೋಗುಳ. ಯಾವ ಗಾಡಿ ಯಾವ ಕಡೆ ಹೊರಟಿತೆಂದು ಅವು ನಿದ್ದೆಯಲ್ಲೇ ತಿಳಿಯುತ್ತಿದ್ದವು. ಒಣಹಾಕಿದ ಬಟ್ಟೆಯ ಮೇಲೆ, ಅಂಗಳದ ನೀರಿನ ಮೇಲೆ, ಮಲಗಿದವರ ರೆಪ್ಪೆಯ ಮೇಲೆ ಸಿಮೆಂಟು ಕಾರ್ಖಾನೆಯ ಧೂಳು ಹಗುರಾಗಿ ಇಳಿಯುತ್ತಿತ್ತು. "ನಮ್ಮೂರು ಬೆಳ್ಳಗ ಕಾಣ್ತಿತ್ತು. ಕನಸಿನಾಗಿನ ಊರು ಕಂಡಂಗ," ಎಂದು ಅವರು ಈಗ ನೆನೆಯುತ್ತಾರೆ.

ಉರ್ದು ಕಲಿಸಿದವರು ಶಹಾಬಾದಿನ ಅಬ್ದುಲ್ ಕರೀಮ್ ಮಾಸ್ತರರು. ಅವರ ತಮ್ಮನದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿ. ಮಾರಾಟಕ್ಕೆ ಒರಗಿಸಿಟ್ಟ ನೀಲಿ ಬೂದು ಕಲ್ಲುಗಳ ಮೇಲೆ ಮಾಸ್ತರರು ಸುಣ್ಣದ ಕಡ್ಡಿಯಿಂದ ಅಲಿಫ್, ಬೇ ಬರೆಸುತ್ತಿದ್ದರು. ಗಿರಾಕಿ ಬಂದು ಕಲ್ಲು ಒಯ್ದರೆ ಆ ದಿನದ ಪಾಠವೂ ಬಂಡಿಯೇರಿ ಹೋಗುತ್ತಿತ್ತು. ಶಹಾಬಾದಿನ ಯಾವ ಯಾವ ಮನೆಯ ನೆಲಕ್ಕೆ ತಮ್ಮ ಅಕ್ಷರ ಹಾಸಿದ್ದಾರೋ ಎಂದು ಕರುಣಾ ನಗುತ್ತಾರೆ. ಹೈದರಾಬಾದ್ ಸಂಸ್ಥಾನದ ಕಾಗದಪತ್ರಗಳನ್ನು ಓದಲು ದಿಲ್ಲಿ ಅವರನ್ನು ಕರೆದದ್ದು ಆ ಅಕ್ಷರದಿಂದಲೇ.

ತಾಯಿಯ ತವರು ಸನ್ನತಿ. ಕರುಣಾ ಕಾಲೇಜಿನಲ್ಲಿದ್ದಾಗ ಅಲ್ಲಿ ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂತು. ಅಷ್ಟು ಕಾಲ ಅದು ದೇವಿಯ ಮೂರ್ತಿಗೆ ಪೀಠವಾಗಿ ಗುಡಿಯ ಕತ್ತಲಲ್ಲಿ ಕೂತಿತ್ತು. ಗಡಿಯಾಚೆ ಇರುವ ಜನ ನನಗೆ ಅಂಜಬಾರದು, ನನ್ನನ್ನು ನಂಬಬೇಕು, ನನ್ನಿಂದ ಅವರಿಗೆ ಸುಖವೇ ಆಗಬೇಕು ಎಂದು ರಾಜ ತನ್ನ ಅಧಿಕಾರಿಗಳಿಗೆ ಹೇಳಿದ ಮಾತು ಅದರಲ್ಲಿದೆ. ರಜೆಗೆ ಹೋಗಿದ್ದ ಹುಡುಗಿ ಭೀಮೆಯ ದಂಡೆಯಲ್ಲಿ ಕೂತು ಆ ಮಾತಿನ ಅರ್ಥ ಯಾರಿಂದಲೋ ಕೇಳಿದಳು. "ರಾಯಭಾರ ಅಂದ್ರ ಏನು ಅಂತ ನನಗ ಅವತ್ತೇ ತಿಳೀತು. ಆಚೀಕಿನವರಿಗಿ 'ಅಂಜಬ್ಯಾಡ್ರಿ' ಅಂತ ಹೇಳಿ ಕಳಸೋದು. ಮುಂದ ಓದಿದ್ದೆಲ್ಲ ಅದರ ಬಾಲ."

ಇನ್ನು ವಾಡಿಯ ಆ 'ವಂಚಕಿ' ಶಬ್ದದ ಕತೆ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರುವ ಮೊದಲಿನ ಮಳೆಗಾಲ. ದಿಲ್ಲಿಯವರೂ ಹೈದರಾಬಾದಿನವರೂ ಮೇಜಿನ ಎರಡು ಬದಿಗೆ ಕೂತು ಮಾತಾಡುತ್ತಿದ್ದರು. ಮಾತು ಮುರಿದರೆ ಯುದ್ಧ. ವಾಡಿ ಸ್ಟೇಷನ್ನಿನಲ್ಲಿ ನಿಜಾಮರ ಪಹರೆಯವರು ಎಷ್ಟು ಜನ ಇದ್ದಾರೆಂದು ದಿಲ್ಲಿಗೆ ತಿಳಿಯಬೇಕಿತ್ತು. ಸೊಲ್ಲಾಪುರದ ಕಡೆ ಹೋಗುವ ಗಾಡಿಯಲ್ಲಿ ಕಲ್ಲಿದ್ದಲು ಹಾಕುತ್ತಿದ್ದ ಅಂಬರಾಯ ಎಂಬುವನ ಮೂಲಕ ಒಂದು ಲೆಕ್ಕ ಹೋಯಿತು. ದಿಲ್ಲಿ ಅದನ್ನು ನಂಬಿತು. ಕೊನೆಗೆ ಸೈನ್ಯ ಬಂದು ನೋಡಿದರೆ ವಾಡಿಯಲ್ಲಿದ್ದದ್ದು ಆ ಲೆಕ್ಕದ ಮೂರನೆಯ ಒಂದು ಪಾಲು ಜನ. ವಿಚಾರಣೆ ಮಾಡಿದ ಅಧಿಕಾರಿ ಬರೆದಿಟ್ಟ: ಪಹರೆಯವರಿಗೆ ರೊಟ್ಟಿ ಒದಗಿಸುವ ಗುತ್ತಿಗೆದಾರನ ಮಗಳು ನಮ್ಮನ್ನು ಹೆದರಿಸಲೆಂದೇ ಸುಳ್ಳು ಲೆಕ್ಕ ಕೊಟ್ಟಳು, ಆಕೆ ವಂಚಕಿ. ಆ ಕಾಗದ ಈಗ ಗುಟ್ಟಿನದಲ್ಲ. ಯಾರು ಬೇಕಾದರೂ ಕೇಳಿ ನೋಡಬಹುದು. ಕೇಳಿದವರು ಮಾತ್ರ ಇಲ್ಲ.

"ಬರದವರು ಕೆಟ್ಟವರಲ್ಲ. ಅವರ ಮುಂದ ಎರಡು ಅಂಕಿ ಇದ್ದವು, ಒಂದಕ್ಕೊಂದು ಕೂಡಲಿಲ್ಲ," ಎನ್ನುತ್ತಾರೆ ಕರುಣಾ. "ಆದ್ರ ಅದನ್ನ ಓದಿದಾಗೆಲ್ಲ ನನಗ ಹಿಟ್ಟು ಹತ್ತಿದ ಎರಡು ಕೈ ಕಾಣಾವು. ಮುಖ ಕಾಣ್ತಿದ್ದಿಲ್ಲ."

ಮುಖ ಹುಡುಕುತ್ತ ರಜೆ ಹಾಕಿ ವಾಡಿಗೆ ಬಂದರು. ಗುತ್ತಿಗೆದಾರ ಹಾಜಿಮಲಂಗ್ ಅವರ ಮನೆಯಿದ್ದ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಆ ಮನೆಯಲ್ಲಿ ಜೋಳ ಬೀಸುತ್ತಿದ್ದ ಒಬ್ಬ ಹುಡುಗಿ ತೆಂಗಳಿಗೆ ಲಗ್ನವಾಗಿ ಹೋದಳೆಂದು ಮುದುಕರೊಬ್ಬರು ಹೇಳಿದರು. ಆ ಹುಡುಗಿಯೇ ಈಗ ಈ ಹೊಲದ ಮನೆಯ ಹಿರಿಯರಾದ ಸಾಬಮ್ಮ. ಹಾಗೆ ಮೂರು ಚಳಿಗಾಲದ ಹಿಂದೆ ಕರುಣಾ ಅವರ ಅಂಗಳಕ್ಕೆ ಬಂದದ್ದು.

ಸಾಬಮ್ಮನವರಿಗೆ ತೊಂಬತ್ತು ದಾಟಿದೆ. ಒಣಗಿದ ಬೋರೆಹಣ್ಣಿನಂಥ ಮುಖ. ಬಿಸಿಲು ಸರಿದ ಹಾಗೆ ಗೋಡೆಗುಂಟ ತಾವೂ ಸರಿಯುತ್ತ ಕೂರುತ್ತಾರೆ. ವಾಡಿಯ ಮಳೆ, ಬುಟ್ಟಿ ಬುಟ್ಟಿ ರೊಟ್ಟಿ, ಒಲೆಯ ಹೊಗೆ ಎಲ್ಲ ಹೇಳುತ್ತಾರೆ. ಆದರೆ ಗುತ್ತಿಗೆದಾರನ ಮಗಳ ಮಾತು ಬಂದರೆ 'ಆಕಿ' ಎಂದು ನಿಂತುಬಿಡುತ್ತಾರೆ.

"ಆಣಿ ಹಾಕ್ಯಾಳ," ಎಂದರು ಮೊದಲ ವರ್ಷವೇ. "ಇಬ್ರೂ ಬೀಸುಕಲ್ಲಿನ ಗೂಟ ಹಿಡಿದು ಆಣಿ ಮಾಡೀವಿ. ಅಂಬರಾಯ ಕಾಕಾನ ಮಾತಿನಾಗ ನನ್ನ ಹೆಸರು ನಿನ್ನ ಬಾಯಾಗ ಬರಬಾರ್ದು ಅಂದಾಳ. ಹಾಕಿದಾಕಿನೇ ಇಳಸಬೇಕು. ಆಕಿ ಇಲ್ಲಾಂದ್ರ ಆಕಿ ಹೊಟ್ಟೀಲೆ ಹುಟ್ಟಿದವ್ರು. ನೀ ಯಾರವ್ವಾ ಇಳಸಾಕ?"

ಸರ್ಕಾರ ಆಕೆಯನ್ನು ಸುಳ್ಳಿ ಎಂದು ಬರೆದಿದೆ ಎಂದು ಕರುಣಾ ಹೇಳಿದ ದಿನ ಮುದುಕಿ ಊಟ ಬಿಟ್ಟರಂತೆ. "ಆಕಿ ಸುಳ್ಳು ಹೇಳಾಕಿ ಅಲ್ಲ! ಯಾವ ಹಾಟ್ಯಾ ಬರದಾನ ಅದನ್ನ?" ಎಂದು ಕೋಲು ಕುಟ್ಟಿದರು. ಅಷ್ಟೇ. ಆಣೆ ಬಾಯಿ ಕಟ್ಟಿತ್ತು. ಕರುಣಾ ಒತ್ತಾಯಿಸಲಿಲ್ಲ. ಪ್ರತಿ ಚಳಿಗಾಲ ಬಂದರು, ತೊಗರಿ ಕೊಯ್ದರು, ಅಂಗಳ ಗುಡಿಸಿದರು, ಹೋದರು. "ಆಣಿ ಮುರಿ ಅಂತ ನಾ ಯಾವ ಬಾಯಿಲೆ ಅನ್ಲಿ? ಒಳಗಿನ ಮಾತು ಹೊರಗ ಹೇಳಂಗಿಲ್ಲ ಅಂತ ಆಣಿ ಮಾಡೇ ನಾನೂ ನೌಕರಿಗಿ ಸೇರೀನಿ."

ಹಾಜಿಮಲಂಗರ ಮನೆತನದವರನ್ನು ಹುಡುಕುತ್ತ ಹೋದಾಗ ಹುಮೇರಾ ಸಿಕ್ಕಿದ್ದು ಹೋದ ವರ್ಷ. ಚಂದಾಪುರದಲ್ಲಿ ರವಿಕೆ ಹೊಲಿಯುವ ಒಂದು ಕಿರುಕೋಣೆ ಅವರದು. ತಾಯಿ ತೀರಿಕೊಂಡು ಬಹಳ ವರ್ಷವಾಗಿದೆ. ವಿಷಯ ಕೇಳಿ ಅವರು ಹೊಲಿಗೆ ಬಿಟ್ಟು ಅಣ್ಣನನ್ನು ಕರೆದರಂತೆ. ಅಣ್ಣ ಶೌಕತ ಅಲಿ ಬೇಡವೆಂದರು. "ಸತ್ತವರ ಹೆಸರು ಸರ್ಕಾರದ ಬಾಯಾಗ ಯಾಕ ಹಾಕ್ತೀರಿ? ನಾಳಿಗಿ ಯಾರರ ಬಂದು ನಮಗೇನರ ಕೇಳಿದ್ರ?" ಆ ಅಂಜಿಕೆ ಸುಳ್ಳಿನದೆಂದು ಹೇಳಲು ಕರುಣಾಗೆ ಆಗಲಿಲ್ಲ. "ಹೆಸರು ಇಲ್ಲದಿದ್ರೂ ಅವರು ಈಗಾಗಲೇ ಅಲ್ಲಿ ಅದಾರ್ರಿ, ಕೆಟ್ಟ ಶಬ್ದದ ಜೋಡಿ," ಎಂದಷ್ಟೇ ಹೇಳಿ ಬಂದಿದ್ದರು.

ಬಿಸಿಲು ನೆತ್ತಿಗೆ ಬಂದಿದೆ. ಕೊಯ್ಲಿನವರು ಬುತ್ತಿ ಬಿಚ್ಚಿದ್ದಾರೆ. ಒಂದು ಬಸ್ಸು ನಿಲ್ಲದೆ ಹೋಗುತ್ತದೆ. ಇನ್ನೊಂದು ನಿಲ್ಲುತ್ತದೆ, ಇಬ್ಬರು ಗಂಡಸರು ಇಳಿಯುತ್ತಾರೆ. ಕರುಣಾ ರೊಟ್ಟಿ ಮುರಿದದ್ದನ್ನು ಹಾಗೇ ಹಿಡಿದುಕೊಂಡಿದ್ದಾರೆ. ಮೂರನೆಯದು ಟೆಂಪೋ. ಅದರ ಧೂಳು ಅಡಗಿದಾಗ ರಸ್ತೆಯ ಮೇಲೆ ಕಪ್ಪು ಬುರ್ಖಾದ ಒಬ್ಬಾಕೆ ಕಾಣುತ್ತಾರೆ. ಮುಸುಕು ಮೇಲೆತ್ತಿದ್ದಾರೆ. ಕೈಯಲ್ಲಿ ಪೇರಲ ಹಣ್ಣಿನ ಚೀಲ. ಯಾವ ಕಡೆ ಎಂದು ತಿಳಿಯದೆ ನಿಂತಿದ್ದಾರೆ.

ಅಂಗಳದಲ್ಲಿ ಸಾಬಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ.

"ಬಾ ಯವ್ವಾ, ಕುಂದರು. ಆಕಿ ನಡಿಗಿನೇ ಅದ ನಿಂದು. ನಿಮ್ಮಣ್ಣ ಕಳಸಿದನೇನು?"

"ಎಲ್ಲೀದು ಖಾಲಾ! ಕಾಲೇಜಿನ ಹುಡುಗೇರಂಗ ಕದ್ದು ಬಂದೀನಿ, ಈ ವಯಸ್ಸಿನಾಗ. ಚಿಂಚೋಳಿ ಆಸ್ಪತ್ರಿಗಿ ಅಂತ ಹೇಳೀನಿ," ಎನ್ನುತ್ತಾರೆ ಹುಮೇರಾ, ತಾಯಿಯ ತಂಗಿಯನ್ನು ಕರೆದ ಹಾಗೆ ಖಾಲಾ ಎಂದು ಕರೆದು.

"ಹಂಗಾದ್ರ ಮನಿಗಿ ಹೋಗಿ ಜರಾ ಕೆಮ್ಮು," ಎನ್ನುತ್ತಾರೆ ಸಾಬಮ್ಮ. ಹಲ್ಲಿಲ್ಲದ ಬಾಯಿ ನಗೆಯಲ್ಲಿ ತುಂಬಿಹೋಗುತ್ತದೆ.

ಬೀಸುಕಲ್ಲು ಹಿತ್ತಲಲ್ಲಿದೆ. ಸಾಬಮ್ಮನವರ ಲಗ್ನವಾದಾಗ ಹಾಜಿಮಲಂಗರ ಮನೆಯವರು ಉಡುಗೊರೆ ಕೊಟ್ಟ ಕಲ್ಲು. ವಾಡಿಯಿಂದ ಬಂಡಿಯಲ್ಲಿ ಬಂದದ್ದು. ಹಿಟ್ಟಿನ ಗಿರಣಿ ಬಂದ ಮೇಲೆ ಕೋಳಿಗಳು ಅದರ ಮೇಲೆ ಕೂರುತ್ತವೆ. ಲುಂಬಿನಿ ನೀರು ಹಾಕಿ ತೊಳೆದು ಅಂಗಳಕ್ಕೆ ಉರುಳಿಸಿ ತರುತ್ತಾಳೆ. ಗೂಟ ಯಾವಾಗಲೋ ಮುರಿದಿದೆ. ಈಗಷ್ಟೇ ಕೊಯ್ದ ತೊಗರಿಯ ದಪ್ಪ ಕಟ್ಟಿಗೆಯೊಂದನ್ನು ಸವರಿ ಆ ಕುಳಿಗೆ ತೂರಿಸುತ್ತಾಳೆ. ಸಾಬಮ್ಮ, ಹುಮೇರಾ ಇಬ್ಬರೂ ಎದುರುಬದುರು ಕೂರುತ್ತಾರೆ. ಒಂದು ಕೈಯ ಮೇಲೆ ಇನ್ನೊಂದು ಕೈ.

"ಬಿಸ್ಮಿಲ್ಲಾ," ಎನ್ನುತ್ತಾರೆ ಹುಮೇರಾ. "ನಮ್ಮ ಅಮ್ಮೀ ಹಾಕಿದ ಆಣಿ ಆಕಿ ಮಗಳು ನಾ ಇಳಸಾಕತ್ತೀನಿ. ಸಾಬಮ್ಮ ಖಾಲಾನ ಬಾಯಿ ಇವತ್ತಿನಿಂದ ಖುಲ್ಲಾ."

ಕಲ್ಲು ಒಂದು ಸುತ್ತು ತಿರುಗುತ್ತದೆ. ಒಳಗೆ ಕಾಳಿಲ್ಲ. ಕಲ್ಲಿಗೆ ಕಲ್ಲು ತಾಗಿದ ಸದ್ದು ದೂರದ ಗಾಡಿಯಂತೆ ಕೇಳಿ ನಿಲ್ಲುತ್ತದೆ. ಸಾಬಮ್ಮ ಅಷ್ಟು ವರ್ಷ ಒಳಗಿಟ್ಟ ಹೆಸರು ಬಾಯಿಯ ದಾರಿಯನ್ನೇ ಮರೆತ ಹಾಗಿದೆ. ಲುಂಬಿನಿ ನೀರು ತರಲು ಏಳುವಷ್ಟರಲ್ಲಿ ಅದು ಹೊರಬರುತ್ತದೆ.

"ಖುರ್ಷಿದಬೇಗಂ." ಮತ್ತೆ, ಇನ್ನಷ್ಟು ಮೆಲ್ಲಗೆ, ಪಕ್ಕದಲ್ಲಿ ಕೂತವಳನ್ನು ಕರೆದಂತೆ: "ಖುರ್ಷಿದಾ, ನೋಡಬೇ, ನಿನ್ನ ಮಗಳು ಬಂದಾಳ."

ಆಮೇಲೆ ಮಾತು ತಾನಾಗಿ ಬರುತ್ತದೆ. ಖುರ್ಷಿದಬೇಗಂ ಅವರ ಅಣ್ಣ ಮುಕ್ರಮ ಪಹರೆಯವರಲ್ಲೊಬ್ಬ. ಅವನು ಸಾಯಬಾರದು ಎಂಬುದೊಂದೇ ತಂಗಿಯ ಚಿಂತೆ. ಪಹರೆಯವರು ಎಷ್ಟು ಜನ ಎಂದು ಆಚೆಯವರಿಗೆ ತಿಳಿದರೆ ಬಂದೂಕು ಹಾರುವುದಿಲ್ಲ, ಕೂತು ಮಾತಾಡುತ್ತಾರೆ ಎಂದು ಅಂಬರಾಯ ಹೇಳಿದ್ದ. ಹುಡುಗಿಯರು ನಂಬಿದರು. ಊರಿಗೆ ಗೊತ್ತಾದರೆ ಎರಡೂ ಕಡೆಯವರು ಬಿಡುವುದಿಲ್ಲವೆಂದು ಆಣೆ.

"ಮುಕ್ರಮ ಮಾಮಾ ಬದುಕಿ ಬಂದ, ಖಾಲಾ," ಎನ್ನುತ್ತಾರೆ ಹುಮೇರಾ. "ಚಂದಾಪುರದಾಗ ಛತ್ರಿ ರಿಪೇರಿ ಮಾಡ್ಕೋತ ಮುದುಕ ಆಗಿ ಹೋದ."

"ಬದುಕಿದನಾ? ಆತು ಬಿಡು," ಎಂದು ಸಾಬಮ್ಮ ಗೋಡೆಗೆ ಒರಗುತ್ತಾರೆ. ಇಷ್ಟು ಕಾಲ ಅದೂ ಅವರಿಗೆ ಗೊತ್ತಿರಲಿಲ್ಲ.

ಕರುಣಾ ಈಗಷ್ಟೇ ಕಾಗದ ಹೊರಗೆ ತೆಗೆಯುತ್ತಾರೆ. ಮೂರು ವರ್ಷದಲ್ಲಿ ಈ ಅಂಗಳದಲ್ಲಿ ಇದು ಮೊದಲ ಸಲ. "ಆಯಿ, ಲೆಕ್ಕ ಹ್ಯಾಂಗ ಹೋಗ್ತಿತ್ತು?"

"ಖುರ್ಷಿದಾ ರೊಟ್ಟಿ ಬಡ್ಯಾಕಿ, ಎಣಿಸಿ ಬುಟ್ಟಿಗಿ ಹಾಕಾಕಿ. ಇಷ್ಟು ರೊಟ್ಟಿ ಅಂತ ನನಗ ಹೇಳಾಕಿ. ಆಕಿ ಗಂಡಸರ ಮುಂದ ಬರ್ತಿದ್ದಿಲ್ಲ. ಕಾಕಾ ನೀರು ಕುಡ್ಯಾಕ ಬಂದಾಗ ಎಷ್ಟು ಮಂದಿ ಅಂತ ಕೇಳ್ತಿದ್ದ. ನಾ ಹೇಳ್ತಿದ್ದೆ."

"ರೊಟ್ಟಿ ಲೆಕ್ಕ ಮಂದಿ ಲೆಕ್ಕ ಹ್ಯಾಂಗಾತು?"

"ಹ್ಯಾಂಗಂದ್ರ? ಎಷ್ಟು ರೊಟ್ಟಿ ಅಷ್ಟು ಮಂದಿ."

"ಒಬ್ಬರಿಗಿ?"

"ಒಂದು. ಮತ್ತೆಷ್ಟು?"

ಕರುಣಾ ಅವರ ಕೈ ಕಾಗದದ ಮೇಲೆ ನಿಲ್ಲುತ್ತದೆ. ಹುಮೇರಾ ಮೊದಲು ನಕ್ಕುಬಿಡುತ್ತಾರೆ. "ಅಲ್ಲಾಹ್! ಖಾಲಾ, ಸಿಪಾಯಿ ಒಂದು ರೊಟ್ಟಿ ತಿಂದು ಬಂದೂಕ ಎತ್ತತಾನ? ಮೂರರ ತಿಂತಾನ."

"ನಮ್ಮಪ್ಪ ಒಂದು ತಿಂದು ದಿನಾ ಶಹಾಬಾದ ಖಣ್ಯಾಗ ಫರಸಿ ಎತ್ತತಿದ್ದ," ಎನ್ನುತ್ತಾರೆ ಸಾಬಮ್ಮ.

ಒಂದು ಕೋಳಿ ಕಲ್ಲಿನ ಹತ್ತಿರ ಬಂದು ನೋಡಿ ಹೋಗುತ್ತದೆ.

"ಅದಕ್ಕೇ," ಎಂದು ಲುಂಬಿನಿ ಬಾಗಿಲಲ್ಲಿ ನಿಂತು ಹೇಳುತ್ತಾಳೆ, "ಎರಡನೇ ರೊಟ್ಟಿ ಹಾಕಿದ್ರ ಆಯಿ ಇವತ್ತಿಗೂ 'ಇದು ಯಾರಿಗಿ' ಅಂತ ಕೇಳ್ತಾಳ."

ಸುಳ್ಳು ಯಾರೂ ಹೇಳಿರಲಿಲ್ಲ. ಖುರ್ಷಿದಬೇಗಂ ಎಣಿಸಿದ ರೊಟ್ಟಿ ಸರಿ. ಸಾಬಮ್ಮನಿಗೆ ಗೊತ್ತಿದ್ದ ಪಾಲೂ ಸರಿ. ಒಂದು ಕೇರಿಯ ಹಸಿವು ದಿಲ್ಲಿಯ ಮೇಜಿಗೆ ಹೋಗಿ ಮೂರು ಪಟ್ಟು ಸೈನ್ಯವಾಗಿ ನಿಂತಿತ್ತು. ಕರುಣಾ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದುತ್ತಾರೆ. ಸಾಬಮ್ಮ ಪ್ರತಿ ಮಾತಿಗೂ "ಹೂಂ" ಎನ್ನುತ್ತಾ ಕೊನೆಗೆ ಹೆಬ್ಬೆಟ್ಟು ಒತ್ತುತ್ತಾರೆ. ಬರೆದವರೂ ಕೇಳಿದವರೂ ಸಾಕ್ಷಿ ಹಾಕುತ್ತಾರೆ. ಕಸುಬಿನ ಕಟ್ಟಳೆಗೆ ಬೇಕಾದ ಆಧಾರ ಅಷ್ಟು.

ಈ ಬರಹದಲ್ಲಿ ವಾಡಿಯ ಮಾತು ಬಂದಿರುವುದು ಸಾಬಮ್ಮ ಮತ್ತು ಹುಮೇರಾ ಒಪ್ಪಿ ಹೇಳಿದ್ದರಿಂದ. ಶೌಕತ ಅಲಿ ಅವರೂ ಆಮೇಲೆ "ಬರಕೊಳ್ರಿ" ಎಂದಿದ್ದಾರೆ. ತಮ್ಮ ಸಂಪುಟದಲ್ಲಿ ಏನಿದೆ ಎಂದು ಕರುಣಾ ಮಾತ್ರ ಹೇಳುವುದಿಲ್ಲ. ಆ ದಿನವೂ ಒಂದು ಮಾತಿಗಿಂತ ಹೆಚ್ಚು ಹೇಳಲಿಲ್ಲ.

ಸಂಜೆ. ಹೊಲದ ಮೇಲೆ ಹೊರೆಗಳ ನೆರಳು ಉದ್ದವಾಗಿದೆ. ಹುಮೇರಾ ಹೊರಟು ನಿಂತಿದ್ದಾರೆ.

"ಬರದ ಮ್ಯಾಲ ಆ ಹಾಳಿ ಒಮ್ಮಿ ತಂದು ಓದಿ ಹೇಳ್ತಿ ಹೌದಿಲ್ಲ, ಅಕ್ಕಾ? ಅಣ್ಣನ ಮುಂದ ಇಡ್ತೀನಿ."

"ತರಾಕ ಬರಂಗಿಲ್ಲ, ಹುಮೇರಾ. ನಾ ಬರಿಯೋ ಪುಟದಾಗ ಆ ಶಬ್ದ ಇರಂಗಿಲ್ಲ. ಇಷ್ಟೇ ನನ್ನ ಬಾಯಿಲೆ ಬರೋದು. ಆ ಕಪಾಟು ತೆರೆಯೋ ಹೊತ್ತಿಗಿ ನಮ್ಮೊಳಗ ಯಾರು ಇರ್ತಾರೋ." ಕರುಣಾ ಸಾಬಮ್ಮನವರ ಕಡೆ ತಿರುಗುತ್ತಾರೆ. "ಮೂರು ವರ್ಷ ನಿಮ್ಮ ಮನ್ಯಾಗ ಉಂಡೀನಿ, ಆಯಿ. ನಿಮ್ಮ ಮಾತು ತಗೊಂಡು ಹೊಂಟೀನಿ. ಅಚ್ಚಾದ ಪುಟ ತಂದು ಓದಿ ತೋರಸೋದು ಒಂದು ನನ್ನ ಮ್ಯಾಲ ಹಂಗೇ ಉಳೀತು."

ಸಾಬಮ್ಮ ಪೇರಲದ ಹಣ್ಣೊಂದನ್ನು ಸೆರಗಿಗೆ ಒರೆಸಿ ಕರುಣಾ ಅವರ ಕೈಯಲ್ಲಿಡುತ್ತಾರೆ.

"ಉಳೀಲಿ ಬಿಡು. ಸಾಲ ಎಲ್ಲಾ ಚುಕ್ತಾ ಆದ್ರ ನೀ ಈ ಊರಿಗಿ ಯಾಕ ಬರ್ತಿ? ಉದ್ರಿ ಇರಲಿ."